ನೆರೆಯ ಸಂಸತ್ತುಗಳಿಗೆ ಒಂದು ಖಾಯಂ ವೇದಿಕೆ ಬೇಕು

ದಕ್ಷಿಣ ಏಷ್ಯಾದ ಸರ್ಕಾರಗಳ ನಡುವೆ ಮಾತುಕತೆ ಮುರಿದುಬಿದ್ದಾಗಲೂ ಅಲ್ಲಿನ ಸಂಸತ್ತುಗಳು ಒಂದೆಡೆ ಕೂರಲು ಸಾಧ್ಯವೆಂಬುದನ್ನು 2016ರಲ್ಲಿ ಢಾಕಾ, 2017ರಲ್ಲಿ ಇಂದೋರ್, 2018ರಲ್ಲಿ ಕೊಲಂಬೊ ಮತ್ತು 2019ರಲ್ಲಿ ಮಾಲೆಯಲ್ಲಿ ನಡೆದ ಸಭಾಧ್ಯಕ್ಷರ ಶೃಂಗಸಭೆಗಳು ತೋರಿಸಿಕೊಟ್ಟಿವೆ. ಸುಸ್ಥಿರ ಅಭಿವೃದ್ಧಿಯ ಗುರಿಗಳನ್ನು ಮುಂದಿಟ್ಟುಕೊಂಡು ಈ ಸಭೆಗಳನ್ನು ಆತಿಥೇಯ ಸಂಸತ್ತುಗಳ ಜೊತೆಗೂಡಿ ನಡೆಸಿದ್ದು ಅಂತರ ಸಂಸದೀಯ ಒಕ್ಕೂಟ, ಅಂದರೆ ಐಪಿಯು. ಆತಿಥೇಯರ ಉತ್ಸಾಹವನ್ನೇ ನೆಚ್ಚಿಕೊಂಡ ಈ ಸಭೆಗಳು ಖಾಯಂ ವ್ಯವಸ್ಥೆಯಾಗಬೇಕು, ಅಲ್ಲಿ ಒಪ್ಪಿದ ಮಾತು ಆಯಾ ದೇಶದ ಸಂಸದೀಯ ಸಮಿತಿಗಳ ಮುಂದೆ ಬರಬೇಕು ಎಂಬುದು ಈ ಕರಪತ್ರದ ವಾದ.

ಬ್ರಿಟಿಷ್ ಸಂಸದ ವಿಲಿಯಂ ರಾಂಡಲ್ ಕ್ರೆಮರ್ ಮತ್ತು ಫ್ರೆಂಚ್ ಸಂಸದ ಫ್ರೆಡರಿಕ್ ಪಾಸಿ ಅವರ ಪ್ರಯತ್ನದಿಂದ 1889ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಐಪಿಯು ಈಗ ಜಿನೀವಾದಲ್ಲಿ ನೆಲೆಸಿದ್ದು, 180ಕ್ಕೂ ಹೆಚ್ಚು ರಾಷ್ಟ್ರೀಯ ಸಂಸತ್ತುಗಳು ಅದರ ಸದಸ್ಯರಾಗಿವೆ. ಸದಸ್ಯತ್ವ ಸರ್ಕಾರದ್ದಲ್ಲ, ಸಂಸತ್ತಿನದು. ಹೀಗಾಗಿ ವಿರೋಧ ಪಕ್ಷದವರಿಗೂ ಅದರ ನಿಯೋಗದಲ್ಲಿ ಜಾಗವಿರುತ್ತದೆ. ಒಕ್ಕೂಟದೊಳಗೆ ಆಫ್ರಿಕಾ, ಅರಬ್, ಏಷ್ಯಾ-ಪೆಸಿಫಿಕ್, ಯುರೇಷ್ಯಾ, ಲ್ಯಾಟಿನ್ ಅಮೆರಿಕ-ಕೆರಿಬಿಯನ್ ಮತ್ತು 'ಟ್ವೆಲ್ವ್ ಪ್ಲಸ್' ಎಂಬ ಆರು ಪ್ರಾದೇಶಿಕ ಗುಂಪುಗಳಿವೆ. ಯುರೋಪಿನ ಸಂಸತ್ತುಗಳ ಜೊತೆಗೆ ಕೆನಡಾ, ಇಸ್ರೇಲ್‌ಗಳನ್ನೂ ಒಳಗೊಂಡ ಟ್ವೆಲ್ವ್ ಪ್ಲಸ್ ಗುಂಪು ಮಹಾಸಭೆಯ ದಿನಗಳಲ್ಲಿ ಪ್ರತ್ಯೇಕವಾಗಿ ಸೇರಿ ತನ್ನ ಅಭ್ಯರ್ಥಿಗಳನ್ನೂ ನಿಲುವನ್ನೂ ಮೊದಲೇ ಚರ್ಚಿಸಿಕೊಳ್ಳುತ್ತದೆ. ಮಹಾಸಭೆಯ ಕಾರ್ಯಸೂಚಿಗೆ 'ತುರ್ತು ವಿಷಯ' ಸೇರಬೇಕಾದರೆ ಮೂರನೇ ಎರಡರಷ್ಟು ಬಹುಮತ ಬೇಕಾಗಿರುವುದರಿಂದ ಇಂತಹ ಪೂರ್ವಸಿದ್ಧತೆಗೆ ಬೆಲೆಯಿದೆ. ಮತಗಳು ಜನಸಂಖ್ಯೆಯನ್ನು ಅನುಸರಿಸಿ ಹಂಚಿಕೆಯಾಗುವುದರಿಂದ ಭಾರತಕ್ಕೆ ಗರಿಷ್ಠ, ಅಂದರೆ 23 ಮತಗಳಿವೆ. ಆದರೂ ಇರಾನ್‌ನಿಂದ ನ್ಯೂಜಿಲೆಂಡ್‌ವರೆಗೆ ಹರಡಿರುವ ಏಷ್ಯಾ-ಪೆಸಿಫಿಕ್ ಗುಂಪಿನಲ್ಲಿ ದಕ್ಷಿಣ ಏಷ್ಯಾಕ್ಕೆಂದೇ ಒಂದು ದನಿ ಮೂಡುವುದು ಕಷ್ಟ.

ಈ ಕೆಲಸಕ್ಕೆ ದಕ್ಷಿಣ ಏಷ್ಯಾದ ಸರ್ಕಾರಗಳ ಸಹಕಾರ ಸಂಘವಾದ ಸಾರ್ಕ್ ಸಾಲದೇ ಎಂಬ ಪ್ರಶ್ನೆ ಸಹಜ. 1985ರಲ್ಲಿ ಢಾಕಾದಲ್ಲಿ ಹುಟ್ಟಿ, ಮರುವರ್ಷವೇ ತನ್ನ ಎರಡನೆಯ ಶೃಂಗಸಭೆಯನ್ನು ಬೆಂಗಳೂರಿನಲ್ಲಿ ನಡೆಸಿದ ಆ ಸಂಸ್ಥೆಯ ಸನ್ನದಿನಲ್ಲಿ ಎರಡು ನಿಯಮಗಳು ಜೋಡಿಯಾಗಿವೆ: ದ್ವಿಪಕ್ಷೀಯ ಮತ್ತು ವಿವಾದಾತ್ಮಕ ವಿಷಯಗಳನ್ನು ಚರ್ಚೆಗೆ ತರಬಾರದು, ತೀರ್ಮಾನಗಳೆಲ್ಲ ಸರ್ವಾನುಮತದಿಂದಲೇ ಆಗಬೇಕು. ಮೊದಲನೆಯದು ವಿವೇಕದ ನಿಯಮ. ಎರಡನೆಯದು ಪ್ರತಿಯೊಂದು ದೇಶದ ಕೈಗೂ ಒಂದೊಂದು ಬೀಗ ಕೊಟ್ಟಿತು, ಮತ್ತು 2014ರ ಕಠ್ಮಂಡು ಸಭೆಯ ನಂತರ ಸಾರ್ಕ್ ನಾಯಕರ ಶೃಂಗಸಭೆಯೇ ನಡೆದಿಲ್ಲ. 2016ರಲ್ಲಿ ಇಸ್ಲಾಮಾಬಾದ್‌ನಲ್ಲಿ ಸೇರಬೇಕಿದ್ದ ಸಭೆ ಉರಿಯ ಸೇನಾ ನೆಲೆಯ ಮೇಲಿನ ದಾಳಿಯ ಬಳಿಕ ರದ್ದಾಯಿತು. ಅದೇ ಅವಧಿಯಲ್ಲಿ ಐಪಿಯು ಆಶ್ರಯದ ಇಂದೋರ್ ಸಭೆ ಪಾಕಿಸ್ತಾನದ ಗೈರುಹಾಜರಿಯ ನಡುವೆಯೂ ನಡೆದು ತನ್ನ ಘೋಷಣೆಯನ್ನು ಹೊರಡಿಸಿತು, ಎರಡು ವರ್ಷಗಳ ನಂತರ ಮಾಲೆಗೆ ಪಾಕಿಸ್ತಾನದ ನಿಯೋಗ ಬಂದಿತು. ಒಬ್ಬರು ಬಾರದಿದ್ದರೆ ಉಳಿದವರ ಕೆಲಸ ನಿಲ್ಲದಿರುವುದೇ ಈ ವೇದಿಕೆಯ ನಿಜವಾದ ಬಲ.

ಇಂತಹ ಸಹಕಾರ ಸಾಮಾನ್ಯರ ಬದುಕಿಗೆ ಎಲ್ಲಿ ತಾಗುತ್ತದೆ ಎಂಬುದಕ್ಕೆ ತಂಬಾಕಿನ ಪ್ರಕರಣವನ್ನು ತುಸು ಹತ್ತಿರದಿಂದ ನೋಡಬಹುದು. ಢಾಕಾದ ಮೊದಲ ಸಭೆಯ ಮುಖ್ಯ ವಿಷಯಗಳಲ್ಲಿ ತಂಬಾಕು ನಿಯಂತ್ರಣವೂ ಒಂದಾಗಿತ್ತು, ಮತ್ತು 2040ರೊಳಗೆ ದೇಶವನ್ನು ತಂಬಾಕುಮುಕ್ತಗೊಳಿಸುವ ಗುರಿಯನ್ನು ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅಲ್ಲಿಯೇ ಸಾರಿದರು. ಸಭೆ ಮುಗಿದ ಎರಡೇ ತಿಂಗಳೊಳಗೆ ಭಾರತದ ಲೋಕಸಭೆಯ ಅಧೀನ ಶಾಸನ ಸಮಿತಿ, ಅಂದರೆ ಕಾಯ್ದೆಯ ಅಡಿಯಲ್ಲಿ ಸರ್ಕಾರ ರಚಿಸುವ ನಿಯಮಗಳನ್ನು ಪರಿಶೀಲಿಸುವ ಸಮಿತಿ, ಸಿಗರೇಟ್ ಪೊಟ್ಟಣದ ಮೇಲಿನ ಚಿತ್ರಸಹಿತ ಎಚ್ಚರಿಕೆ ಶೇ. 85ರಷ್ಟು ಬೇಡ, ಶೇ. 50 ಸಾಕು ಎಂದು ಶಿಫಾರಸು ಮಾಡಿತು. ಸರ್ಕಾರ ಅದನ್ನು ಒಪ್ಪದೆ 2016ರ ಏಪ್ರಿಲ್ 1ರಿಂದ ಶೇ. 85ರ ನಿಯಮವನ್ನು ಜಾರಿಗೆ ತಂದಿತು. ನಿಯಮದ ವಿರುದ್ಧ ವಿವಿಧೆಡೆ ಹೂಡಿದ್ದ ಮೊಕದ್ದಮೆಗಳನ್ನು ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟ್‌ಗೆ ವರ್ಗಾಯಿಸಿತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ನಿಯಮವನ್ನು ರದ್ದುಪಡಿಸಿತು, 2018ರ ಜನವರಿಯಲ್ಲಿ ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ನೀಡಿತು.

ಶ್ರೀಲಂಕಾ ಇದೇ ಹಾದಿಯನ್ನು ಮೊದಲೇ ನಡೆದಿತ್ತು. ಅಲ್ಲಿ ನಿಯಮದ ಮೂಲಕ ನಿಗದಿಯಾಗಿದ್ದ ಶೇ. 80ರ ಎಚ್ಚರಿಕೆಯನ್ನು ನ್ಯಾಯಾಲಯ ತಗ್ಗಿಸಿದಾಗ ಸಂಸತ್ತು 2015ರಲ್ಲಿ ಕಾಯ್ದೆಗೇ ತಿದ್ದುಪಡಿ ತಂದು ಅದನ್ನು ಮರಳಿ ಸ್ಥಾಪಿಸಿತು; ನೇಪಾಳವಂತೂ ಶೇ. 90ಕ್ಕೆ ಹೋಗಿತ್ತು. ಕೊಲಂಬೊದ ಸಂಸದರು ಪಡೆದ ಪಾಠ ದೆಹಲಿಯ ಸಮಿತಿಯ ಮೇಜಿಗೆ ಬರುವಂತಹ ಏರ್ಪಾಡು ಇದ್ದಿದ್ದರೆ, ನಿಯಮಕ್ಕಿಂತ ಕಾಯ್ದೆಯ ತಿದ್ದುಪಡಿಯೇ ಗಟ್ಟಿ ಎಂಬ ವಿಚಾರ ಇಲ್ಲಿಯೂ ಚರ್ಚೆಯಾಗುತ್ತಿತ್ತು. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರು ಇಂತಹ ಚರ್ಚೆಗೆ ಹೊರತಲ್ಲ. ಪರ್ಯಾಯ ಬೆಳೆಯ ಪ್ರಶ್ನೆ ನೆರೆದೇಶಗಳ ಬೆಳೆಗಾರರನ್ನೂ ಕಾಡುವಂಥದ್ದು, ಅದನ್ನು ಬಿಟ್ಟು ಆರೋಗ್ಯದ ಮಾತಷ್ಟೇ ಆಡುವ ಘೋಷಣೆಗೆ ಹೊಲದಲ್ಲಿ ಬೆಲೆ ಸಿಗದು.

ಇಂತಹ ವೇದಿಕೆಗಳಲ್ಲಿ ಜಗಳವೇ ನಡೆಯುತ್ತದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಮಾಲೆಯಲ್ಲಿ ಪಾಕಿಸ್ತಾನದ ಪ್ರತಿನಿಧಿ ಕಾಶ್ಮೀರದ ವಿಷಯ ಎತ್ತಿದಾಗ ರಾಜ್ಯಸಭೆಯ ಉಪಸಭಾಪತಿ ಹರಿವಂಶ್ ಅದನ್ನು ಬಲವಾಗಿ ವಿರೋಧಿಸಿದರು, ಸಭೆಯಲ್ಲಿ ಗದ್ದಲವಾಯಿತು. ಆದರೂ ಮಾಲೆ ಘೋಷಣೆ ಅಂಗೀಕಾರವಾಯಿತು. ವಿವಾದದ ವಿಷಯಗಳನ್ನು ಹೊರಗಿಡುವ ಸಾರ್ಕ್ ನಿಯಮವನ್ನು ಎರವಲು ಪಡೆದು, ಸರ್ವಾನುಮತದ ನಿಯಮವನ್ನು ಕೈಬಿಟ್ಟರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಉಳಿದರ್ಧಕ್ಕೆ ಸಭಾಧ್ಯಕ್ಷರ ಬದಲು ಆರೋಗ್ಯ, ಕೃಷಿ, ಪರಿಸರ ಸಮಿತಿಗಳ ಸದಸ್ಯರು ಕೂರುವುದೇ ಮದ್ದು, ಏಕೆಂದರೆ ಮಸೂದೆಯ ಕಲಮುಗಳನ್ನು ಹಿಡಿದು ಕೂತವರಿಗೆ ಭಾಷಣದ ಹುಮ್ಮಸ್ಸು ಅಷ್ಟಾಗಿ ಇರುವುದಿಲ್ಲ.

ಐಪಿಯು ಮಹಾಸಭೆಗೆ ಹೋಗಿಬಂದ ನಿಯೋಗದ ವರದಿಯನ್ನು ಸದನದಲ್ಲಿ ಮಂಡಿಸುವ ರೂಢಿ ಭಾರತದಲ್ಲಿದೆ. ಅದು ಅಷ್ಟಕ್ಕೇ ನಿಲ್ಲದೆ, ಪ್ರಾದೇಶಿಕ ಸಭೆಗಳ ಘೋಷಣೆಗಳೂ ಸೇರಿ, ಸಂಬಂಧಪಟ್ಟ ಇಲಾಖಾ ಸ್ಥಾಯಿ ಸಮಿತಿಗೆ ಹೋಗಬೇಕು, ಸಮಿತಿ ನಿಗದಿತ ಅವಧಿಯೊಳಗೆ ತನ್ನ ಅಭಿಪ್ರಾಯವನ್ನು ಸದನಕ್ಕೆ ತಿಳಿಸಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಸಭಾಧ್ಯಕ್ಷರ ನಿರ್ದೇಶನವೊಂದು ಸಾಕಾದೀತು. ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರು ಹೋಗುತ್ತಾರೆ. ಮತದಾರರು ತಮ್ಮ ಕ್ಷೇತ್ರದ ಸದಸ್ಯರಿಗೆ ಪತ್ರ ಬರೆದು, ಢಾಕಾದಿಂದ ಮಾಲೆಯವರೆಗಿನ ನಾಲ್ಕು ಘೋಷಣೆಗಳಲ್ಲಿ ಯಾವುದು ಯಾವ ಸಮಿತಿಯ ಮುಂದೆ ಬಂದಿದೆ ಎಂದು ಕೇಳಬೇಕು, ಉತ್ತರವನ್ನು ಬರಹದಲ್ಲೇ ಪಡೆಯಬೇಕು.