‘ಮತ್ತು ತಂಡದವರಿಂದ’: ಶಿವಮೊಗ್ಗ, ಭದ್ರಾವತಿಯ ಪಕ್ಕವಾದ್ಯದವರ ಹಕ್ಕೊತ್ತಾಯ ಪತ್ರ

ಶಿವಮೊಗ್ಗ ಮತ್ತು ಭದ್ರಾವತಿಯ ಗಣಪತಿ, ರಾಜ್ಯೋತ್ಸವ, ಜಾತ್ರಾ ಸಮಿತಿಗಳ ಪದಾಧಿಕಾರಿಗಳಿಗೆ. ಆರ್ಕೆಸ್ಟ್ರಾ ಹಾಗೂ ಸುಗಮ ಸಂಗೀತ ತಂಡಗಳ ಮುಖ್ಯಸ್ಥರಿಗೆ. ರೆಕಾರ್ಡಿಂಗ್ ಸ್ಟುಡಿಯೋ ಮತ್ತು ಸೌಂಡ್ ಸಿಸ್ಟಂ ಮಾಲೀಕರಿಗೆ. ಮಹಾನಗರ ಪಾಲಿಕೆ, ಭದ್ರಾವತಿ ನಗರಸಭೆ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ.

ಮಾನ್ಯರೇ,

ನಿಮ್ಮ ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರಾದ ಮೇಲೆ ‘ಮತ್ತು ತಂಡದವರಿಂದ’ ಎಂದು ಅಚ್ಚಾಗುತ್ತದಲ್ಲ, ಆ ತಂಡದವರು ನಾವು. ತಬಲಾ, ಢೋಲಕ್, ರಿದಂ ಪ್ಯಾಡ್, ಕೀಬೋರ್ಡ್, ಗಿಟಾರ್, ಕೊಳಲು, ಪಿಟೀಲು ನುಡಿಸುವವರು. ಇವತ್ತು ಕುವೆಂಪು ರಂಗಮಂದಿರದಲ್ಲಿ ಭಾವಗೀತೆ, ನಾಳೆ ಛತ್ರದಲ್ಲಿ ಮದುವೆ ರಿಸೆಪ್ಶನ್, ನಾಡಿದ್ದು ಶಿಕಾರಿಪುರದ ಕಡೆ ಹಳ್ಳಿ ಜಾತ್ರೆಯಲ್ಲಿ ಆರ್ಕೆಸ್ಟ್ರಾ, ಮರುದಿನ ನಾಟಕದ ಹಿನ್ನೆಲೆ ಸಂಗೀತ. ಗಾಯಕಿ ವೇದಿಕೆಯ ಮೇಲೇ ಹಿಂದೆ ತಿರುಗಿ ‘ಒಂದು ಮನೆ ಇಳಿಸಿ ಸರ್’ ಎಂದರೆ ಇಳಿಸಬೇಕು. ಕೀಬೋರ್ಡಿನವರು ಗುಂಡಿ ಒತ್ತಿ ಇಳಿಸುತ್ತಾರೆ. ತಬಲದವನು ನಿರೂಪಕರ ಎರಡು ಮಾತು ಮುಗಿಯುವುದರೊಳಗೆ ಸುತ್ತಿಗೆ ಹಿಡಿದು ಗಟ್ಟಾಗಳನ್ನು ಒಂದೊಂದಾಗಿ ಮೇಲಕ್ಕೆ ತಟ್ಟಿ ಸಡಿಲಿಸಬೇಕು. ಮಳೆಗಾಲದಲ್ಲಂತೂ ಥಂಡಿ ಹಿಡಿದ ಚರ್ಮ ತಾನಾಗಿಯೇ ಇಳಿದು ಕೂತಿರುತ್ತದೆ, ಮತ್ತೆ ಏರಿಸುವ ಕಷ್ಟ ಬೇರೆ.

ಹಲವು ರಾತ್ರಿ ಕೂತು ಮಾತಾಡಿದ ಮೇಲೆ ಈ ಪತ್ರ ಬರೆಯುವ ಕೆಲಸ ತಬಲದವನಾದ ನನ್ನ ಪಾಲಿಗೆ ಬಂತು. ಎಲ್ಲರೂ ಒಪ್ಪಿದ ಬೇಡಿಕೆಗಳನ್ನು ಕೆಳಗೆ ಬರೆದಿದ್ದೇನೆ. ಒಂದನೆಯದು ಸಿಕ್ಕರೆ ಉಳಿದವುಗಳಲ್ಲಿ ಅರ್ಧ ತಾವಾಗಿಯೇ ಸಿಗುತ್ತವೆ ಎಂಬುದು ನನ್ನ ನಂಬಿಕೆ. ಅದಕ್ಕೇ ಅದನ್ನು ಉದ್ದ ಬರೆದಿದ್ದೇನೆ.

1. ನಮ್ಮ ಹೆಸರು ಹಾಕಿ.

ಆಹ್ವಾನ ಪತ್ರಿಕೆಯಲ್ಲಿ, ಫ್ಲೆಕ್ಸಿನಲ್ಲಿ, ಯೂಟ್ಯೂಬಿಗೆ ಏರಿಸುವ ವಿಡಿಯೋದ ಕೆಳಗೆ, ವಾದ್ಯದ ಹೆಸರಿನ ಜೊತೆ ನುಡಿಸಿದವರ ಪೂರ್ತಿ ಹೆಸರು ಇರಬೇಕು. ಹೊಸ ಪದ್ಧತಿಯೇನನ್ನೂ ನಾವು ಕೇಳುತ್ತಿಲ್ಲ. ಕರ್ನಾಟಕ ಸಂಗೀತದ ಕಛೇರಿ ಪತ್ರಿಕೆಯಲ್ಲಿ ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಇದ್ದೇ ಇರುತ್ತದೆ. ಯಕ್ಷಗಾನದ ಕರಪತ್ರದಲ್ಲಿ ಹಿಮ್ಮೇಳದ ಮದ್ದಳೆ, ಚಂಡೆಯವರ ಹೆಸರು ಭಾಗವತರ ಹೆಸರಿನ ಕೆಳಗೇ ಬರುತ್ತದೆ. ಭಾವಗೀತೆ ಕಾರ್ಯಕ್ರಮಗಳಲ್ಲೂ ಕೆಲವರು ಹಾಕುತ್ತಾರೆ, ಅವರಿಗೆ ನಮಸ್ಕಾರ. ಉಳಿದ ಕಡೆ ವೇದಿಕೆಯ ಹಿಂದೆ ನಮ್ಮನ್ನು ಕೂಗುವುದೇ ‘ಕೀಬೋರ್ಡ್ ಬಂತಾ?’, ‘ತಬಲಾದು ಊಟ ಆಯ್ತಾ?’ ಎಂದು. ನಲವತ್ತು ವರ್ಷ ಒಂದೇ ಊರಲ್ಲಿ ನುಡಿಸಿದ ಹಿರಿಯರನ್ನೂ ಹೀಗೇ ಕರೆಯುವುದನ್ನು ಕೇಳಿ ನನಗೆ ಸಂಕಟವಾಗಿದೆ.

ನಮ್ಮ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡ ಶಿವಮೊಗ್ಗ ಸುಬ್ಬಣ್ಣನವರು ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದರು. 2022ರ ಆಗಸ್ಟಿನಲ್ಲಿ ಅವರು ತೀರಿಕೊಂಡಾಗ ನಾವೆಲ್ಲ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಅತ್ತೆವು. ಅವರ ಹಾಡುಗಳಿಗೆ ನುಡಿಸಿದವರು ಯಾರೆಂದು ಕೇಳಿದರೆ ಇಡೀ ಶಿವಮೊಗ್ಗದಲ್ಲಿ ಎಷ್ಟು ಜನ ಹೇಳಬಲ್ಲರು? ಕೇಳುವವರ ಪ್ರೀತಿ ಕಡಿಮೆಯಾಗಿ ಹೀಗಾದದ್ದಲ್ಲ. ಕೇಳುವವರ ಕೈಗೆ ಆ ಹೆಸರುಗಳನ್ನು ಕೊಟ್ಟವರೇ ಇಲ್ಲ.

ಹೆಸರಿಲ್ಲದಿದ್ದರೆ ಕಾನೂನಿನಲ್ಲೂ ನಷ್ಟವಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದಾಗ, ಹಾಡುವವರ ಮತ್ತು ನುಡಿಸುವವರ ಪ್ರದರ್ಶನವನ್ನು ವಾಣಿಜ್ಯಕ್ಕೆ ಬಳಸಿದರೆ ಅವರಿಗೆ ರಾಯಧನ ಸಲ್ಲಬೇಕೆಂದಾಯಿತು. ಈ ಹಕ್ಕು 50 ವರ್ಷ ಇರುತ್ತದೆ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಸೇರಿತು: ಸಿನಿಮಾದಲ್ಲಿ ಪ್ರಾಸಂಗಿಕವಾಗಿ ಬಂದುಹೋಗುವ, ಹೆಸರುಪಟ್ಟಿಯಲ್ಲೂ ಬೇರೆಲ್ಲೂ ನಮೂದಾಗದ ವ್ಯಕ್ತಿಯನ್ನು ಬಹುಪಾಲು ಹಕ್ಕುಗಳ ಮಟ್ಟಿಗೆ ಪ್ರದರ್ಶಕ ಎಂದು ಎಣಿಸುವಂತಿಲ್ಲ. ಅಂದರೆ ಹೆಸರು ಬಿಟ್ಟುಹೋದರೆ ಹಕ್ಕೂ ಬಿಟ್ಟುಹೋಗಬಹುದು. ಬೆಂಗಳೂರಿಗೆ ಹೋಗಿ ಸಿನಿಮಾ ಹಾಡಿನಲ್ಲಿ ಎರಡು ಬಿಟ್ ನುಡಿಸಿ ಬಂದ ನಮ್ಮ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ.

ಇನ್ನು ವಯಸ್ಸಾದ ಮೇಲಿನ ಮಾತು. 58 ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. ಅರ್ಜಿಯ ಜೊತೆ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಇಡಬೇಕು. ನಮ್ಮಲ್ಲಿ ಒಬ್ಬ ಹಿರಿಯರು, ಢೋಲಕ್ ನುಡಿಸಿ ಬೆರಳ ಗಂಟುಗಳೇ ದಪ್ಪಗಾಗಿರುವವರು, ಅರ್ಜಿ ಹಾಕಲೆಂದು ಟ್ರಂಕು ತೆಗೆದರು. ಅದರಲ್ಲಿ ಹಳದಿಯಾದ ಆಹ್ವಾನ ಪತ್ರಿಕೆಗಳ ದೊಡ್ಡ ಕಟ್ಟೇ ಇತ್ತು. ಎಲ್ಲದರಲ್ಲೂ ಅವರಿದ್ದರು, ಒಂದರಲ್ಲೂ ಅವರ ಹೆಸರಿರಲಿಲ್ಲ. ಒಂದೊಂದನ್ನೂ ತೆಗೆದು ‘ಮತ್ತು ತಂಡ’ ಎಂಬಲ್ಲಿ ಬೆರಳಿಟ್ಟು ‘ಇದು ನಾನೇ ಕಣಪ್ಪ’ ಎಂದು ನನಗೆ ತೋರಿಸಿದರು. ಆ ಸಂಜೆಯೇ ಈ ಪತ್ರ ಬರೆಯಬೇಕೆಂದು ನಾನು ತೀರ್ಮಾನಿಸಿದ್ದು.

2. ‘ಗೌರವಧನ’ ಎಂಬ ಮಾತು ಬಿಡಿ, ಸಂಭಾವನೆ ನಿಗದಿ ಮಾಡಿ.

ನಮ್ಮ ರೇಟು ಏಕೆ ಹಿಂದೆ ಉಳಿಯಿತು ಎಂಬುದು ಭದ್ರಾವತಿಯನ್ನು ಬಲ್ಲವರಿಗೆ ಗೊತ್ತು. 1923ರಲ್ಲಿ ಕಬ್ಬಿಣ ತಯಾರಿಕೆ ಶುರುವಾದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಎರಡೂ ಸೇರಿ ಊರಿಗೆ ತಮಿಳರನ್ನು, ತೆಲುಗರನ್ನು, ಮಲಯಾಳಿಗಳನ್ನು, ಉರ್ದು ಮಾತಿನವರನ್ನು ಕರೆತಂದವು. ಕಾಲೋನಿಯ ಗಣಪತಿ ಎದುರು ಒಂದೇ ರಾತ್ರಿ ಇಷ್ಟೂ ಭಾಷೆಯ ಹಾಡು ನುಡಿಸಬೇಕಿತ್ತು. ಯಾವ ಹಾಡು ಕೊಟ್ಟರೂ ನುಡಿಸುವ ಕೈ ನಮ್ಮವರಿಗೆ ಬಂದದ್ದು ಅಲ್ಲಿಂದಲೇ. ಆ ಪೀಳಿಗೆಯ ಎಷ್ಟೋ ಜನ ಹಗಲು ಪಾಳಿ ಮುಗಿಸಿ ರಾತ್ರಿ ವೇದಿಕೆ ಏರುತ್ತಿದ್ದರು. ತಿಂಗಳ ಸಂಬಳ ಬರುತ್ತಿತ್ತು, ಕ್ವಾರ್ಟರ್ಸ್ ಇತ್ತು, ಕಾರ್ಖಾನೆಯ ಆಸ್ಪತ್ರೆ ಇತ್ತು. ಸಮಿತಿಯವರು ಶಾಲು ಹೊದಿಸಿ ಕವರಿನಲ್ಲಿ ಕೊಟ್ಟಿದ್ದು ಖುಷಿಗೆ. ಅದನ್ನೇ ಗೌರವಧನ ಎಂದರು. ನಿಜವಾಗಿ ಈ ಊರಿನ ಸಂಗೀತವನ್ನು ಅಷ್ಟು ಕಾಲ ಸಾಕಿದ್ದು ಕುಲುಮೆ.

ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ಮಾತು 2023ರ ಜನವರಿಯಲ್ಲಿ ಬಂದು ಕಾರ್ಮಿಕರು ಧರಣಿ ಕೂತರು. ಇವತ್ತಿನ ನಮ್ಮ ಹುಡುಗನಿಗೆ ಪಾಳಿ ಇಲ್ಲ, ಕ್ವಾರ್ಟರ್ಸ್ ಇಲ್ಲ. ನುಡಿಸುವುದೇ ಅವನ ಕೆಲಸ. ಕೊಡುವ ಕೈ ಮಾತ್ರ ಇನ್ನೂ ಅಂದಿನ ಲೆಕ್ಕದಲ್ಲೇ ಇದೆ.

ನಮ್ಮ ಲೆಕ್ಕ ಇದು: ಶಿವಮೊಗ್ಗ, ಭದ್ರಾವತಿ ಊರೊಳಗಿನ ಕಾರ್ಯಕ್ರಮಕ್ಕೆ ಒಬ್ಬ ವಾದಕರಿಗೆ ಕನಿಷ್ಠ 3,000 ರೂಪಾಯಿ, ಜಿಲ್ಲೆಯ ಬೇರೆ ತಾಲ್ಲೂಕಿಗೆ 4,000, ರಾತ್ರಿ ಉಳಿಯಬೇಕಾದ ಊರಿಗೆ 5,000 ಮತ್ತು ಉಳಿಯಲು ಕೋಣೆ. ರಿಹರ್ಸಲ್‌ಗೆ ಬೇರೆಯಾಗಿ ದಿನಕ್ಕೆ 700. ಅದು ಮೂರು ತಾಸಿನ ಕೆಲಸ. ‘ಸುಮ್ನೆ ಬಂದು ಒಂದ್ಸಲ ನೋಡ್ಕೊಂಡ್ ಹೋಗಿ’ ಎಂಬ ಕರೆ ಇನ್ನು ಬೇಡ.

3. ಹಣ ಅದೇ ರಾತ್ರಿ, ವಾದ್ಯ ಕಟ್ಟುವ ಮೊದಲು.

ತಂಡದ ಮುಖ್ಯಸ್ಥರಿಗೆ ಸಮಿತಿಯಿಂದ ಬಂದಿಲ್ಲ ಎಂಬುದು ಅವರ ಮತ್ತು ಸಮಿತಿಯ ನಡುವಿನ ವಿಷಯ. ಫೋನ್‌ಪೇ ಮಾಡಿದರೂ ಸರಿಯೇ.

4. ಭಾಷಣ ತಿಂದ ಸಮಯಕ್ಕೆ, ಮಳೆ ತಿಂದ ರಾತ್ರಿಗೆ ನಮ್ಮನ್ನು ಹೊಣೆ ಮಾಡಬೇಡಿ.

ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಬೇಕೆಂಬುದು 2000ನೇ ಇಸವಿಯಿಂದ ಇರುವ ನಿಯಮ. ಆರಕ್ಕೆ ಶುರುವಾಗಬೇಕಾದ ಕಾರ್ಯಕ್ರಮದಲ್ಲಿ ಸನ್ಮಾನ, ಭಾಷಣ ಒಂಬತ್ತರ ತನಕ ಎಳೆದರೆ ನಮಗೆ ಉಳಿಯುವುದು ಒಂದೇ ಗಂಟೆ. ‘ಆರೇ ಹಾಡು ಆಯ್ತಲ್ಲ’ ಎಂದು ಹಣ ಕಡಿಯುವುದು ತಪ್ಪು, ನಾವು ಐದು ಗಂಟೆಯಿಂದ ವೇದಿಕೆಯ ಹಿಂದೆಯೇ ಇದ್ದೆವು. ಕಾರ್ಯಕ್ರಮಕ್ಕೆ ಮೂರು ದಿನಕ್ಕಿಂತ ಕಡಿಮೆ ಇರುವಾಗ ರದ್ದಾದರೆ ಅರ್ಧ, ನಾವು ಬಂದ ಮೇಲೆ ರದ್ದಾದರೆ ಪೂರ್ತಿ ಸಂಭಾವನೆ ಕೊಡಬೇಕು. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಮದುವೆ ಇಲ್ಲ. ಮಲೆನಾಡಿನ ಮಳೆಯಲ್ಲಿ ಬಯಲು ವೇದಿಕೆ ಇಲ್ಲ. ವರ್ಷದಲ್ಲಿ ಕೈ ತುಂಬುವ ದಿನಗಳೇ ಕಡಿಮೆ. ಗಣಪತಿಯಿಂದ ರಾಜ್ಯೋತ್ಸವದ ತನಕ ನಿಮ್ಮ ಒಂದು ತಾರೀಖು ಹಿಡಿದೆವೆಂದರೆ ಬೇರೆ ಎರಡನ್ನು ಬಿಟ್ಟಿರುತ್ತೇವೆ.

5. ಟ್ರ್ಯಾಕ್‌ಗೆ ಬೇರೆ ಲೆಕ್ಕ.

ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೋದಲ್ಲಿ ಇಡೀ ದಿನ ಕೂತು ಹನ್ನೊಂದು ಹಾಡಿಗೆ ತಬಲಾ, ಢೋಲಕ್ ನುಡಿಸಿದೆ. ಆಲ್ಬಂ ಎಂದಿದ್ದರು, ಆ ದಿನದ ಹಣ ಕೊಟ್ಟರು, ಖುಷಿಯಾಗಿ ಮನೆಗೆ ಬಂದೆ. ಮುಂದಿನ ಗಣಪತಿ ಹಬ್ಬದಲ್ಲಿ ಒಂದು ಪೆಂಡಾಲಿನ ಮುಂದೆ ಹಾದುಹೋಗುವಾಗ ಢೋಲಕ್ ಕೇಳಿ ಕಾಲು ನಿಂತಿತು. ಎರಡನೇ ಚರಣಕ್ಕೆ ಹೋಗುವಾಗ ನಾನು ಹಾಕುವ ಉರುಳಿಕೆ, ಎಡಗೈ ಒಂಚೂರು ಎಳೆದು ಬಿಡುವ ಅದೇ ರೂಢಿ. ನೋಡಿದರೆ ವೇದಿಕೆಯ ಮೇಲೆ ಒಬ್ಬ ಗಾಯಕರು, ಒಂದು ಲ್ಯಾಪ್‌ಟಾಪು, ಹಿಂದೆ ಖಾಲಿ ಜಮಖಾನ. ಅದೇ ಪೆಂಡಾಲಿನಲ್ಲಿ ಹಿಂದಿನ ವರ್ಷ ನಾವು ಐದು ಜನ ಕೂತು ನುಡಿಸಿದ್ದೆವು. ನನ್ನ ಕೈಯೇ ನನ್ನ ಜಾಗ ಕಿತ್ತುಕೊಂಡಿತ್ತು, ಜೊತೆಗಿದ್ದ ನಾಲ್ವರದ್ದನ್ನೂ.

ಕರೋಕೆ ನಿಲ್ಲಿಸಿ ಎಂದು ನಾವು ಕೇಳುವುದಿಲ್ಲ. ಹಾಡಲು ಆಸೆಪಡುವ ಅಂಗಡಿಯವರು, ಮೇಷ್ಟ್ರುಗಳು, ಗೃಹಿಣಿಯರು ಅದರಿಂದ ಹಾಡುತ್ತಿದ್ದಾರೆ, ಹಾಡಲಿ. ಕೇಳುವುದು ಮೂರು. ರೆಕಾರ್ಡಿಂಗಿಗೆ ಮೊದಲೇ ಒಂದು ಹಾಳೆಯ ಬರವಣಿಗೆ ಆಗಬೇಕು: ಆಲ್ಬಂಗೆ ಮಾತ್ರವೋ, ವೇದಿಕೆಯ ಟ್ರ್ಯಾಕಿಗೂ ಬಳಸುವುದೋ. ವೇದಿಕೆಗೂ ಬಳಸುವುದಾದರೆ ಸಂಭಾವನೆ ಎರಡರಷ್ಟು. ಮೂರನೆಯದು, ‘ಆರ್ಕೆಸ್ಟ್ರಾ’ ಎಂದು ಫ್ಲೆಕ್ಸ್ ಹಾಕಿದ ಕಡೆ, ಸರ್ಕಾರದ ದುಡ್ಡಿನಲ್ಲಿ ನಡೆಯುವ ಕಡೆ ನುಡಿಸುವ ಮನುಷ್ಯರು ಇರಬೇಕು.

6. ನಮಗೆ ನಾವು ಕೇಳಿಸಬೇಕು.

ಸೌಂಡ್ ಚೆಕ್‌ಗೆ ಒಂದು ಗಂಟೆ, ಹಿಂದೆ ಕೂತವರಿಗೆ ಎರಡಾದರೂ ಮಾನಿಟರ್. ಜನರ ಕಡೆ ತಿರುಗಿದ ಪೆಟ್ಟಿಗೆಗಳ ಹಿಂದೆ ಕೂತು ಗಾಯಕರ ಬೆನ್ನು ನೋಡಿ ತಾಳ ಹಿಡಿಯುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು ಮೈಕಿಲ್ಲದ ಸಭೆಯಲ್ಲಿ ತಮ್ಮ ವಾದ್ಯ ಹಿಂದಿನ ಸಾಲಿಗೂ ಮುಟ್ಟಲೆಂದು ನಾಲ್ಕು ತಂತಿಯನ್ನು ಏಳು ಮಾಡಿಕೊಂಡರು. ಜೀವನವಿಡೀ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕದಲ್ಲಿ ಕೂತು ನುಡಿಸಿದ ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ್ದೇ ಭವನ ಎದ್ದಿದೆ. ಪಕ್ಕವಾದ್ಯದವರ ಹೆಸರಿನ ಭವನ ಕಟ್ಟಿದ ನಾಡು ಇದು. ಎರಡು ಮಾನಿಟರ್ ಕೊಡಲಾರದೇ?

7. ಹೋಗಿ ಬರುವ ದಾರಿ.

ಆಗುಂಬೆ, ಹುಲಿಕಲ್ ಘಾಟಿಯ ಕಡೆ ಕಾರ್ಯಕ್ರಮವಿದ್ದರೆ ವಾಹನದ ಚಾಲಕರು ಹಗಲು ಮಲಗಿದ್ದವರಾಗಿರಬೇಕು. ವಾದ್ಯಗಳಿಗೆ ಮಳೆ ತಾಗದ ಜಾಗ ಬೇಕು, ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡು ನೂರು ಕಿಲೋಮೀಟರ್ ಕೂತದ್ದು ಸಾಕು. ಬೆಳಗಿನ ಜಾವ ಮೂರಕ್ಕೆ ಭದ್ರಾವತಿಯವರನ್ನು ಹೆದ್ದಾರಿಯಲ್ಲಿ ಇಳಿಸಿ ಮುಂದೆ ಹೋಗಬೇಡಿ, ಮನೆ ಬಾಗಿಲಿಗೆ ಬಿಡಿ.

8. ಊಟ ಎಲ್ಲರ ಜೊತೆ, ಕಾರ್ಯಕ್ರಮಕ್ಕೆ ಮೊದಲು. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ. ಇದಕ್ಕೆ ವಿವರಣೆ ಬೇಕಿಲ್ಲ.

9. ಸರ್ಕಾರದಿಂದ ಕೇಳುವುದು.

ದಸರಾ, ರಾಜ್ಯೋತ್ಸವ ಮುಂತಾದ ಕಾರ್ಯಕ್ರಮಗಳ ಆದೇಶ ಪತ್ರದಲ್ಲಿ ತಂಡದ ಪ್ರತಿಯೊಬ್ಬ ವಾದಕರ ಹೆಸರಿರಲಿ, ಪ್ರತಿಯೊಬ್ಬರ ಬ್ಯಾಂಕ್ ಖಾತೆಗೆ ಅವರವರ ಪಾಲು ನೇರ ಹೋಗಲಿ. ಆ ಆದೇಶ ಪತ್ರವೇ ಮುಂದೆ ಮಾಸಾಶನಕ್ಕೆ ದಾಖಲೆಯಾಗುತ್ತದೆ. 2021ರ ಲಾಕ್‌ಡೌನಿನಲ್ಲಿ ಸರ್ಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಘೋಷಿಸಿದಾಗ ನಾವು ಕಲಾವಿದರೇ ಎಂದು ತೋರಿಸುವ ಕಾಗದ ಹುಡುಕಿ ಸುಸ್ತಾದೆವು. ಹೆಸರಿಲ್ಲದ ಹಳೆಯ ವಾದಕರ ವಿಷಯದಲ್ಲಿ, ಇಬ್ಬರು ಹಿರಿಯ ಗಾಯಕರ ಸಹಿ ಇರುವ ಹೇಳಿಕೆಯನ್ನೇ ದಾಖಲೆ ಎಂದು ಒಪ್ಪಿಕೊಳ್ಳಬೇಕು. ಆಕಾಶವಾಣಿ ಭದ್ರಾವತಿಯ ಧ್ವನಿಪರೀಕ್ಷೆಗೆ ಕೂರಬಯಸುವ ನಮ್ಮ ಹುಡುಗರಿಗೆ ವರ್ಷಕ್ಕೊಮ್ಮೆಯಾದರೂ ತರಬೇತಿ ಶಿಬಿರ ಮಾಡಿ. ಅಲ್ಲಿಂದ ಸಿಗುವ ಶ್ರೇಣಿ ಎಲ್ಲ ಕಡೆ ಒಪ್ಪುವ ಗುರುತು.

10. ಇದು ನಮ್ಮವರಿಗೇ.

ಈ ರೇಟಿಗಿಂತ ಕಡಿಮೆಗೆ ಒಬ್ಬರು ಬರುವುದಿಲ್ಲ ಎಂದಾಗ ಇನ್ನೊಬ್ಬರು ಐನೂರು ಕಡಿಮೆಗೆ ಹೋಗಬಾರದು. ಬದಲಿಗೆ ಹೋಗುವ ಮೊದಲು ಮೂಲದವರಿಗೆ ಒಂದು ಫೋನ್ ಮಾಡಿ, ‘ಅಣ್ಣಾ, ನಿಮ್ಮ ಪ್ರೋಗ್ರಾಂಗೆ ನನ್ನ ಕರೀತಿದಾರೆ, ಏನ್ ವಿಷ್ಯ’ ಎಂದು ಕೇಳಿ. ವೇದಿಕೆಯಲ್ಲಿ ಹೆಸರು ಹೇಳುವಾಗ ನಿರೂಪಕರು ಕೀಬೋರ್ಡಿನವರನ್ನು ಮರೆತುಬಿಟ್ಟರೆ ಮೈಕ್ ಹತ್ತಿರ ಇರುವ ತಬಲದವರು ಅವರ ಹೆಸರು ಹೇಳಬೇಕು.

ಈ ಪತ್ರದ ಪ್ರತಿಯನ್ನು ಪ್ರತಿಯೊಂದು ಸಮಿತಿಗೆ ಕೈಯಾರೆ ತಂದು ಕೊಡುತ್ತಿದ್ದೇವೆ. ಗಣಪತಿ ಹಬ್ಬದ ಬುಕಿಂಗ್ ಶುರುವಾಗುವ ಮೊದಲು, ಆಷಾಢ ಮುಗಿಯುವುದರೊಳಗೆ, ಒಪ್ಪಿಗೆಯನ್ನು ಬರಹದಲ್ಲಿ ಕೊಡಿ. ಅಲ್ಲಿಯ ತನಕ ಹಿಡಿದ ತಾರೀಖುಗಳಿಗೆ ಹಳೆಯ ರೇಟಿನಲ್ಲೇ ಬಂದು ನುಡಿಸುತ್ತೇವೆ, ಕೊಟ್ಟ ಮಾತು ತಪ್ಪುವುದಿಲ್ಲ. ಆ ಕಾರ್ಯಕ್ರಮಗಳ ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲದಿದ್ದರೆ, ಪ್ರೆಸ್ಸಿಗೆ ಕೊಡುವ ಮುಂಚೆ ಒಂದು ಫೋನ್ ಮಾಡಿ. ಯಾರ ಹೆಸರಿನ ಕಾಗುಣಿತ ಹೇಗೆಂದು ನಾವೇ ಹೇಳಿ ಬರೆಸುತ್ತೇವೆ.

ಇಂತಿ,
ಶಿವಮೊಗ್ಗ ಮತ್ತು ಭದ್ರಾವತಿಯ ಪಕ್ಕವಾದ್ಯ ಕಲಾವಿದರು
(ಪ್ರತಿಯೊಬ್ಬರ ಪೂರ್ತಿ ಹೆಸರು, ವಾದ್ಯ ಮತ್ತು ಸಹಿ ಮುಂದಿನ ಹಾಳೆಗಳಲ್ಲಿ)