ಚೌಗುಲೆಯವರ ನಾಲ್ಕು ನಿಮಿಷ

‘ಸಾರ್, ದೂರದ ಓಟ ಕಲಿಯೋಕೆ ಯಾವ ಪುಸ್ತಕ ಓದಬೇಕು?’ ಎಂದು ಮಕ್ಕಳು ಆಗಾಗ ಕೇಳುತ್ತಾರೆ. ಪುಸ್ತಕದ ಹೆಸರಿಗೆ ಮೊದಲು ಒಂದು ಲೆಕ್ಕ.

1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆ 19ನೆಯವರಾಗಿ ಗುರಿ ಮುಟ್ಟಿದರು. ಅಂದಿನ ದೂರ 42.75 ಕಿ.ಮೀ. ಹಿಡಿದ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಭಾಗಿಸಿ ನೋಡಿ, ಕಿಲೋಮೀಟರಿಗೆ ಸುಮಾರು 4 ನಿಮಿಷ. ರಾಮನಗರದಿಂದ ಚನ್ನಪಟ್ಟಣಕ್ಕೆ ಸುಮಾರು 12 ಕಿ.ಮೀ. ಹೋಗಿ, ಬಂದು, ಮತ್ತೆ ಹೋಗಿ, ಅರ್ಧಕ್ಕಿಂತ ಹೆಚ್ಚು ದಾರಿ ಹಿಂದಿರುಗಿದರೆ ಅಷ್ಟು ದೂರವಾಗುತ್ತದೆ!

ಒಂದು ಕಿಲೋಮೀಟರನ್ನು 4 ನಿಮಿಷದಲ್ಲಿ ಓಡುವ ಹುಡುಗರು ಕನಕಪುರ, ಮಾಗಡಿಯ ಶಾಲೆಗಳಲ್ಲೂ ಸಿಗುತ್ತಾರೆ. ಆದರೆ ಎರಡನೆಯದಕ್ಕೇ ಏದುಸಿರು ಬರುತ್ತದೆ. ಸ್ನಾಯುಗಳು ಕೇಳಿದಷ್ಟು ಆಮ್ಲಜನಕವನ್ನು ಹೃದಯ ಒದಗಿಸಲಾರದು. ನಿತ್ಯ ಓಡುವವರಲ್ಲಿ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಪಂಪು ಮಾಡುತ್ತದೆ. ಸ್ನಾಯುಗಳಲ್ಲಿ ಲೋಮನಾಳಗಳೂ ಮೈಟೋಕಾಂಡ್ರಿಯಗಳೂ ಹೆಚ್ಚುತ್ತವೆ. ಇದಕ್ಕೆ ತಿಂಗಳುಗಳು ಬೇಕು. ಬಿಟ್ಟರೆ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ.

ಈಗ ಪುಸ್ತಕ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಬೆರ್ನ್ಡ್ ಹೈನ್ರಿಕ್ 1981ರಲ್ಲಿ, ತಮ್ಮ 41ನೆಯ ವಯಸ್ಸಿನಲ್ಲಿ, ಷಿಕಾಗೋದಲ್ಲಿ 100 ಕಿ.ಮೀ. ದೂರವನ್ನು 6 ಗಂಟೆ 38 ನಿಮಿಷದಲ್ಲಿ ಓಡಿದರು. ಅಲ್ಲಿಯೂ ಕಿಲೋಮೀಟರಿಗೆ ಅದೇ 4 ನಿಮಿಷ! ಕೀಟ, ಹಕ್ಕಿ, ಕಪ್ಪೆ, ಒಂಟೆಗಳ ದೇಹ ದಣಿವನ್ನು ಹೇಗೆ ನಿಭಾಯಿಸುತ್ತದೆ ಎಂದು ಪರೀಕ್ಷಿಸಿ, ಆ ಪಾಠವನ್ನು ತಮ್ಮ ಓಟಕ್ಕೆ ಅಳವಡಿಸಿಕೊಂಡ ಬಗೆಯನ್ನು ಅವರು ‘ರೇಸಿಂಗ್ ದಿ ಆಂಟೆಲೋಪ್’ (2001) ಪುಸ್ತಕದಲ್ಲಿ ಬರೆದಿದ್ದಾರೆ. ಪಿಯುಸಿ ವಿಜ್ಞಾನದ ಮಕ್ಕಳು ನಿಘಂಟು ಪಕ್ಕದಲ್ಲಿಟ್ಟುಕೊಂಡಾದರೂ ಓದಬೇಕು.

ಪೋಷಕರಿಗೆ ಒಂದು ಮಾತು. ಮಗು ಹತ್ತನೇ ತರಗತಿಗೆ ಬಂದ ಕೂಡಲೇ ‘ಓಟಗೀಟ ಪರೀಕ್ಷೆ ಮುಗಿದ ಮೇಲೆ’ ಎನ್ನುತ್ತೀರಿ. ಅಷ್ಟರಲ್ಲಿ ಮೂರು ವರ್ಷ ಕಟ್ಟಿದ್ದು ಕರಗಿರುತ್ತದೆ. ಮತ್ತೆ ಶುರು ಮಾಡುವ ಮಕ್ಕಳು ಕಡಿಮೆ; ಹೆಣ್ಣುಮಕ್ಕಳಂತೂ ಬಹಳ ಕಡಿಮೆ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಅಂಕಪಟ್ಟಿಯೇನೂ ಬಡವಾಗದು.

ಮಕ್ಕಳೇ, ಹೆದ್ದಾರಿಯಲ್ಲಿ ಓಡಬೇಡಿ. ಶಾಲೆಯ ಮೈದಾನ ಸಾಕು. ಟೇಪು ಹಿಡಿದು ಸುತ್ತಳತೆ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸುತ್ತು, ಸಮಯ, ಓಡಿದ ಮೇಲಿನ ನಾಡಿಬಡಿತ ಬರೆದಿಡಿ. ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಒಂದೇ ಸಮಯ ಹಿಡಿಯುವ ದಿನ ಬಂದರೆ, ದೂರದ ಓಟ ನಿಮಗೆ ಒಲಿಯುತ್ತಿದೆ ಎಂದು ತಿಳಿಯಿರಿ.