ಗೆಲುವು ಕೋಚ್‌ನದೋ, ಕರೆತಂದ ಆಟಗಾರರದೋ?

ಎರಡು ವರ್ಷಗಳ ಹಿಂದೆ ಮಣಿಪಾಲದ ಸಮೀಪ ನಡೆದ ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಫೈನಲ್ ನೋಡಿಕೊಂಡು ಉಡುಪಿಗೆ ಮರಳುತ್ತಿದ್ದಾಗ ಬಸ್ಸಿನಲ್ಲಿ ಒಂದು ವಾದ ಎದ್ದಿತು. ಹಿಂದಿನ ವರ್ಷ ಮೊದಲ ಸುತ್ತಿನಲ್ಲಿಯೇ ಸೋತು ಮರಳಿದ್ದ ತಂಡವೊಂದು ಆ ಬಾರಿ ಫೈನಲ್ ತಲುಪಿತ್ತು. "ಎಲ್ಲ ಆ ಹೊಸ ಕೋಚ್ ಮಾಡಿದ ಕೆಲಸ ಮಾರಾಯ್ರೆ, ಹುಡುಗರ ನಡಿಗೆಯೇ ಬದಲಾಗಿದೆ" ಎಂದರು ನನ್ನ ಪಕ್ಕದಲ್ಲಿದ್ದ, ಕಾಪುವಿನ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು. ಹಿಂದಿನ ಸೀಟಿನಿಂದ ಕೂಡಲೇ ಉತ್ತರ ಬಂತು: "ಕೋಚ್ ಎಂತ ಮಾಡಿದ್ದು? ಬೆಂಗಳೂರಿನಿಂದ ಆರೂಕಾಲು ಅಡಿಯವರನ್ನು ಇಬ್ಬರನ್ನು ತಂದು ನಿಲ್ಲಿಸಿದ್ದಾರೆ. ಬುಟ್ಟಿಯ ಕೆಳಗೆ ಅವರೇ ನಿಂತರೆ ಮತ್ತೆ ಯಾರು ಕಲಿಸಿದರೇನು?" ಬಸ್ಸು ಸಿಂಡಿಕೇಟ್ ಸರ್ಕಲ್ ದಾಟಿ ಉಡುಪಿಯ ನಿಲ್ದಾಣ ಸೇರುವವರೆಗೂ ಇಬ್ಬರೂ ಸೋಲೊಪ್ಪಲಿಲ್ಲ. ನಾನು ಯಾರ ಪರವನ್ನೂ ವಹಿಸದೆ ಇಳಿದೆ. ಆದರೆ ಪ್ರಶ್ನೆ ಮಾತ್ರ ನನ್ನೊಂದಿಗೇ ಇಳಿದು ಬಂತು.

ಕರಾವಳಿಯವರಿಗೆ ಇದು ಹೊಸ ವಾದವೇನಲ್ಲ. ಕಾರ್ಕಳದ ಮಿಯ್ಯಾರಿನಲ್ಲಿ ಕಂಬಳದ ಕರೆಯ ಬದಿಗೆ ನಿಂತವರು ರಾತ್ರಿಯಿಡೀ ಚರ್ಚಿಸುವುದು ಇದನ್ನೇ. ಗೆದ್ದದ್ದು ಕೋಣಗಳೋ, ಓಡಿಸಿದವನೋ, ಅಥವಾ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ ವರ್ಷವಿಡೀ ಅವುಗಳನ್ನು ಸಾಕಿದವರೋ? ಅಲ್ಲಿ ಒಬ್ಬನೇ ಓಟಗಾರ ಬೇರೆ ಬೇರೆ ಯಜಮಾನರ ಕೋಣಗಳನ್ನು ಓಡಿಸುತ್ತಾನೆ. ಕೋಣವೂ ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ ಮಾರಾಟವಾಗುವುದುಂಟು. ಹಾಗಾಗಿ ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೆಯೇ ಉಳಿಸಿದಾಗ ಏನಾಯಿತು ಎಂದು ಕಣ್ಣಾರೆ ನೋಡಿ ತೀರ್ಮಾನಿಸುವ ಅವಕಾಶ ಕಂಬಳಪ್ರಿಯರಿಗೆ ಇದೆ. ಬ್ಯಾಸ್ಕೆಟ್‌ಬಾಲ್ ತಂಡಗಳಲ್ಲಿ ಅಂಥ ಅವಕಾಶ ಕಡಿಮೆ. ಸೋತ ಆಡಳಿತವು ತರಬೇತುದಾರರನ್ನೂ ಆಟಗಾರರನ್ನೂ ಒಟ್ಟಿಗೇ ಬದಲಿಸುವುದರಿಂದ, ಗೆಲುವು ಬಂದಾಗ ಯಾವುದರ ಫಲ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ.

ಆದರೂ ಅಮೆರಿಕದ ಎನ್‌ಬಿಎ ಚರಿತ್ರೆಯಲ್ಲಿ ಸಾಕಷ್ಟು ಸ್ಪಷ್ಟವಾದ ಎರಡು ಉದಾಹರಣೆಗಳಿವೆ. ಬಾಸ್ಟನ್ ಸೆಲ್ಟಿಕ್ಸ್ ತಂಡ 2006–07ರಲ್ಲಿ 82 ಪಂದ್ಯಗಳಲ್ಲಿ ಗೆದ್ದದ್ದು 24 ಮಾತ್ರ. ಮರು ವರ್ಷ ಅದೇ ತಂಡ 66 ಪಂದ್ಯಗಳನ್ನು ಗೆದ್ದು ಚಾಂಪಿಯನ್ ಆಯಿತು. ಮುಖ್ಯ ತರಬೇತುದಾರ ಡಾಕ್ ರಿವರ್ಸ್ ಎರಡೂ ವರ್ಷ ಅಲ್ಲಿಯೇ ಇದ್ದರು. ನಡುವಿನ ಬೇಸಿಗೆಯಲ್ಲಿ ಬಂದವರು ಕೆವಿನ್ ಗಾರ್ನೆಟ್ ಮತ್ತು ರೇ ಅಲೆನ್. ಬಸ್ಸಿನ ಹಿಂದಿನ ಸೀಟಿನವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ. ಬ್ಯಾಸ್ಕೆಟ್‌ಬಾಲಿನ ಸ್ವಭಾವವೇ ಅಂಥದ್ದು. ಅಂಗಣದಲ್ಲಿರುವುದು ಐವರು. ಒಬ್ಬ ಅಸಾಧಾರಣ ಆಟಗಾರ ಬಂದರೆ ತಂಡದ ಐದನೇ ಒಂದು ಭಾಗವೇ ಬದಲಾದಂತೆ. ಕ್ರಿಕೆಟಿನಲ್ಲಿ ಒಬ್ಬ ಬ್ಯಾಟ್ಸ್‌ಮನ್ ಔಟಾದ ಮೇಲೆ ಪೆವಿಲಿಯನ್ನಿನಲ್ಲಿ ಕೂರಬೇಕು. ಇಲ್ಲಿ ಒಳ್ಳೆಯ ಆಟಗಾರನ ಕೈಗೆ ಚೆಂಡು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ.

ಈ ಕಥೆಯಲ್ಲೂ ಒಂದು ಎಳೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅದೇ ಬೇಸಿಗೆಯಲ್ಲಿ ಟಾಮ್ ತಿಬೊಡೊ ಎಂಬ ಸಹಾಯಕ ತರಬೇತುದಾರರೂ ಬಾಸ್ಟನ್ನಿಗೆ ಬಂದಿದ್ದರು. ಆ ವರ್ಷದ ತಂಡದ ಹೆಸರಾಂತ ರಕ್ಷಣಾ ಕ್ರಮವನ್ನು ರೂಪಿಸಿದವರು ಅವರು. ಫೋಟೊದ ಮುಂದಿನ ಸಾಲಿನಲ್ಲಿ ಸಹಾಯಕರು ಕಾಣಿಸುವುದಿಲ್ಲ, ಅಷ್ಟೆ.

ಎರಡನೆಯ ಉದಾಹರಣೆ ಇದಕ್ಕೆ ಪೂರ್ಣ ವಿರುದ್ಧವಾದದ್ದು. ಗೋಲ್ಡನ್ ಸ್ಟೇಟ್ ವಾರಿಯರ್ಸ್ 2013–14ರಲ್ಲಿ 51 ಪಂದ್ಯ ಗೆದ್ದಿತ್ತು. ಆದರೂ ತರಬೇತುದಾರ ಮಾರ್ಕ್ ಜಾಕ್ಸನ್ ಅವರನ್ನು ತೆಗೆದು, ಅದುವರೆಗೆ ಯಾವ ತಂಡಕ್ಕೂ ಮುಖ್ಯ ತರಬೇತುದಾರರಾಗಿರದಿದ್ದ ಸ್ಟೀವ್ ಕೆರ್ ಅವರನ್ನು ನೇಮಿಸಿದರು. ಸ್ಟೆಫ್ ಕರಿ, ಕ್ಲೇ ಥಾಂಪ್ಸನ್, ಡ್ರೇಮಂಡ್ ಗ್ರೀನ್ ಎಲ್ಲರೂ ಮೊದಲಿನಿಂದ ಇದ್ದವರೇ. ಗೆಲುವು 67ಕ್ಕೆ ಏರಿತು, ನಲವತ್ತು ವರ್ಷಗಳ ನಂತರ ಪ್ರಶಸ್ತಿ ಬಂತು. ಕೆರ್ ಮಾಡಿದ್ದೇನು? ಒಬ್ಬನ ಕೈಯಲ್ಲಿ ನಿಲ್ಲುತ್ತಿದ್ದ ಚೆಂಡನ್ನು ಐವರ ನಡುವೆ ಓಡಾಡಿಸಿದರು. ಹೆಸರುವಾಸಿಯಾಗಿದ್ದ ಆಂಡ್ರೆ ಇಗುಡಾಲ ಅವರನ್ನು ಒಪ್ಪಿಸಿ ಬದಲಿ ಆಟಗಾರರ ಬೆಂಚಿನಲ್ಲಿ ಕೂರಿಸಿದರು. ಗಾಯಗೊಂಡ ಡೇವಿಡ್ ಲೀ ಜಾಗದಲ್ಲಿ ಆಡಿದ ಗ್ರೀನ್ ಅವರನ್ನು, ಲೀ ಗುಣವಾದ ಮೇಲೂ ಅಲ್ಲಿಯೇ ಉಳಿಸಿದರು. ಕಾಪುವಿನ ಮೇಷ್ಟ್ರಿಗೆ ಇದು ಬಲವಾದ ಆಧಾರ. ಆದರೆ ಇಲ್ಲಿಯೂ ಎಚ್ಚರ ಬೇಕು. ಥಾಂಪ್ಸನ್ ಮತ್ತು ಗ್ರೀನ್ ಆಗ ಇಪ್ಪತ್ತೈದರ ಆಸುಪಾಸಿನವರು, ಪ್ರತಿ ವರ್ಷ ತಾವಾಗಿಯೇ ಬೆಳೆಯುವ ವಯಸ್ಸಿನವರು. ತಂಡದ ಗಟ್ಟಿ ರಕ್ಷಣೆಗೆ ಬುನಾದಿ ಬಿದ್ದದ್ದು ಜಾಕ್ಸನ್ ಕಾಲದಲ್ಲಿ. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು ಎಂದು ಹೇಳುವಷ್ಟು ಸರಳವೂ ಅಲ್ಲ, ಅದನ್ನು ಅಲ್ಲಗಳೆಯುವಂತೆಯೂ ಇಲ್ಲ.

ನಮ್ಮ ನಾಡಿಗೆ ಬಂದರೆ, ಈ ಜಟಿಲತೆಯನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಕಬಡ್ಡಿ. ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ 2024ರ ಋತುವಿನಲ್ಲಿ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕಟ್ಟಕಡೆಯ ಸ್ಥಾನಕ್ಕೆ ಬಿತ್ತು. ಆರಂಭದಿಂದ ಜತೆಗಿದ್ದ, 2019ರ ಜನವರಿಯಲ್ಲಿ ಅದೇ ತಂಡ ಪ್ರಶಸ್ತಿ ಗೆದ್ದಾಗಲೂ ಇದ್ದ ರಣಧೀರ್ ಸಿಂಗ್ ಅವರ ಕಾಲ ಅಲ್ಲಿಗೆ ಮುಗಿಯಿತು. 2025ರಲ್ಲಿ ನಮ್ಮವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು, ತಂಡ ಪ್ಲೇಆಫ್ ತಲುಪಿತು. ಪತ್ರಿಕೆಗಳು ರಮೇಶ್ ಅವರನ್ನು ಕೊಂಡಾಡಿದವು. ಅದು ಅವರಿಗೆ ಸಲ್ಲಬೇಕಾದದ್ದೇ. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್‌ಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟವರು ಅವರು. ಆದರೆ ಬುಲ್ಸ್ ಆ ವರ್ಷ ಕೋಚ್ ಜತೆಗೆ ತಂಡವನ್ನೂ ಬಹುತೇಕ ಬದಲಿಸಿತ್ತು. ಇರಾನಿನ ಅಲಿರೇಜಾ ಮಿರ್ಜಾಯನ್ ಅಂಕಗಳ ಮೇಲೆ ಅಂಕ ತಂದುಕೊಟ್ಟರು. ಪುಣೆಯ ಗೆಲುವಿನ ವರ್ಷವೂ ಮೊಹಮ್ಮದ್‌ರೇಜಾ ಶಾದ್ಲೂಯಿ ಎಂಬ ಇರಾನಿ ಆಟಗಾರರನ್ನು 2.35 ಕೋಟಿ ರೂಪಾಯಿಗೆ ಕೊಂಡಿದ್ದರು. ಮುಂದಿನ ಋತುವಿನಲ್ಲಿ ಅವರು ಹರಿಯಾಣ ಸ್ಟೀಲರ್ಸ್ ಸೇರಿದರು. ಹರಿಯಾಣ ಚಾಂಪಿಯನ್ ಆಯಿತು, ರಮೇಶ್ ಇದ್ದೂ ಪುಣೆ ಪ್ಲೇಆಫ್ ತಲುಪಲಿಲ್ಲ. ಅಂದರೆ ಎಲ್ಲವೂ ಆಟಗಾರನ ಮಹಿಮೆಯೇ? ಹಾಗೆನ್ನುವಷ್ಟರಲ್ಲಿ, 2025ರಲ್ಲಿ ಅದೇ ಶಾದ್ಲೂಯಿ ಗುಜರಾತ್ ತಂಡಕ್ಕೆ ಹೋದರು, ಗುಜರಾತ್ ಮೊದಲ ಎಂಟರೊಳಗೂ ಬರಲಿಲ್ಲ. ಕೊಂಡ ಆಟಗಾರ ಎಲ್ಲಿ ನಿಂತರೂ ಗೆಲ್ಲುತ್ತಾನೆ ಎಂಬ ನಂಬಿಕೆಗೂ, ಒಳ್ಳೆಯ ಕೋಚ್ ಯಾರನ್ನು ಕೊಟ್ಟರೂ ಗೆಲ್ಲಿಸುತ್ತಾರೆ ಎಂಬ ನಂಬಿಕೆಗೂ ಇಲ್ಲಿ ಸಮಾನ ಪೆಟ್ಟು ಬಿದ್ದಿದೆ.

ಇನ್ನು ನಮ್ಮ ಆ ಫೈನಲ್‌ಗೆ ಮರಳುತ್ತೇನೆ. ಅಲ್ಲಿ ಲೆಕ್ಕಪತ್ರಕ್ಕಿಂತ ಹೆಚ್ಚಿನದನ್ನು ಹೇಳಿದ್ದು ಒಂದು ಆಕಸ್ಮಿಕ. ಮೂರನೆಯ ಕ್ವಾರ್ಟರ್ ಮುಗಿಯುವ ಮೊದಲೇ ಎತ್ತರದ ಇಬ್ಬರಲ್ಲಿ ಒಬ್ಬನಿಗೆ ಐದನೆಯ ಫೌಲ್ ಆಗಿ ಅವನು ಹೊರನಡೆಯಬೇಕಾಯಿತು. ಆಗ ಬೆಂಚಿನಿಂದ ಎದ್ದು ಬಂದವನು ಕಾರ್ಕಳದ ಒಬ್ಬ ಹುಡುಗ. ಅಂತಿಮ ವರ್ಷದವನು. ಹಿಂದಿನ ವರ್ಷದವರೆಗೆ ಮೊದಲ ಐವರಲ್ಲಿ ಇದ್ದವನು, ಬೆಂಗಳೂರಿನವರು ಬಂದ ಮೇಲೆ ಬೆಂಚು ಸೇರಿದ್ದವನು. ಇನ್ನು ಈ ತಂಡದ ಕಥೆ ಮುಗಿಯಿತು ಎಂದು ಹಿಂದಿನ ಸೀಟಿನ ಮಹನೀಯರು ಅಲ್ಲಿಯೂ ನನ್ನ ಹಿಂದೆಯೇ ಕೂತು ಘೋಷಿಸಿದರು. ಆದರೆ ಮುಗಿಯಲಿಲ್ಲ. ಕೋಚ್ ಟೈಮ್‌ಔಟ್ ಕೂಡ ಕೇಳಲಿಲ್ಲ. ಹುಡುಗರು ಎದುರಾಳಿಗೆ ಒಬ್ಬೊಬ್ಬರಂತೆ ಅಂಟಿ ಆಡುವುದನ್ನು ಬಿಟ್ಟು ತಾವಾಗಿಯೇ ಜೋನ್ ರಕ್ಷಣೆಗೆ ಇಳಿದರು. ಎತ್ತರ ಇಲ್ಲದ್ದನ್ನು ಜಾಗ ಹಿಡಿದು ನಿಲ್ಲುವುದರಿಂದ ಸರಿದೂಗಿಸಿದರು. ಚೆಂಡು ಚಿಮ್ಮಿ ಬರುವ ಮೊದಲೇ ಎದುರಾಳಿಯನ್ನು ಬೆನ್ನಿನಿಂದ ತಡೆದು ನಿಲ್ಲುತ್ತಿದ್ದರು. ಅಂತರ ಹೆಚ್ಚಲಿಲ್ಲ. ಕೊನೆಗೆ ಸೋತರು ನಿಜ, ಆದರೆ ಕೊನೆಯ ನಿಮಿಷದವರೆಗೂ ಪಂದ್ಯ ಅವರ ಕೈಯಲ್ಲಿತ್ತು.

ಅಂದು ನಾನು ಕಂಡುಕೊಂಡದ್ದು ಇಷ್ಟು. ಆ ಇಬ್ಬರು ಇಲ್ಲದಿದ್ದರೆ ಆ ತಂಡ ಫೈನಲ್ ತಲುಪುತ್ತಿರಲಿಲ್ಲ. ಇದನ್ನು ಒಪ್ಪದಿರುವುದು ಅಪ್ರಾಮಾಣಿಕತೆ. ಆದರೆ ಅವರಲ್ಲೊಬ್ಬ ಹೊರಗೆ ಹೋದ ಮೇಲೆ ಅಂಗಣದಲ್ಲಿ ಉಳಿದದ್ದು ಕೋಚ್ ಕಲಿಸಿದ್ದು. ಹಿಂದಿನ ವರ್ಷ ಇದೇ ಹುಡುಗರು ಐದು ಅಂಕ ಹಿಂದೆ ಬಿದ್ದರೆ ಪರಸ್ಪರ ಬೈದಾಡಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ವೃತ್ತಿಪರ ಲೀಗುಗಳಲ್ಲಿ ಈ ಪ್ರಶ್ನೆ ಮಾಲೀಕರದ್ದು. ಹಣ ಅವರದು, ಹರಾಜು ಅವರದು, ಲಾಭನಷ್ಟವೂ ಅವರದೇ. ಶಾಲೆ ಕಾಲೇಜುಗಳ ವಿಷಯ ಬೇರೆ. ಒಂದು ಕಾಲೇಜು ಇನ್ನೊಂದು ಊರಿನಲ್ಲಿ ತಯಾರಾದ ಆಟಗಾರನನ್ನು ಶುಲ್ಕ ಮನ್ನಾ, ಹಾಸ್ಟೆಲ್, ಊಟ ಎಂದು ಹೇಳಿ ಕರೆತಂದಾಗ ಆ ಕಾಲೇಜಿನ ಕಪಾಟಿಗೆ ಒಂದು ಟ್ರೋಫಿ ಬರಬಹುದು. ಆದರೆ ಒಟ್ಟಾರೆಯಾಗಿ ರಾಜ್ಯದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಬಲ್ಲವರ ಸಂಖ್ಯೆ ಒಬ್ಬರಷ್ಟೂ ಹೆಚ್ಚುವುದಿಲ್ಲ. ಇಲ್ಲಿ ಕೂಡಿದ್ದು ಅಲ್ಲಿ ಕಳೆದಿರುತ್ತದೆ. ಅದೇ ಒಬ್ಬ ತರಬೇತುದಾರ ಕಾಪುವಿನ, ಹಿರಿಯಡಕದ, ಕಾರ್ಕಳದ ಹತ್ತು ಹುಡುಗರಿಗೆ ಎಡಗೈಯಲ್ಲಿ ಚೆಂಡು ಪುಟಿಸುವುದನ್ನು ಕಲಿಸಿದರೆ, ನಿನ್ನೆ ಇಲ್ಲದಿದ್ದದ್ದು ಇಂದು ಹುಟ್ಟಿತು ಎಂದೇ ಅರ್ಥ. ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಹೊರಟ ಮಮತಾ ಪೂಜಾರಿ 2012ರಲ್ಲಿ ಪಟ್ನಾದಲ್ಲಿ ಮಹಿಳಾ ಕಬಡ್ಡಿ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿಯಾಗಿದ್ದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಅಂಥವರು ಸಿದ್ಧವಾಗಿ ಸಿಗುವ ಮೊದಲು ಯಾರೋ ಎಲ್ಲೋ ಅಂಗಳದಲ್ಲಿ ನಿಂತು ಅವರನ್ನು ಆಡಿಸಿರಲೇಬೇಕು. ಎಲ್ಲ ಕಾಲೇಜುಗಳೂ ಕರೆತರುವುದರಲ್ಲಿಯೇ ತೊಡಗಿದರೆ, ಕರೆತರಲು ಇರುವವರನ್ನು ತಯಾರಿಸುವವರು ಯಾರು?

ಇದಕ್ಕೆ ಪ್ರತಿವಾದವಿದೆ, ಅದು ದುರ್ಬಲವೂ ಅಲ್ಲ. ಕ್ರೀಡಾ ಕೋಟಾದ ಸೀಟು ಎಷ್ಟೋ ಬಡ ಮಕ್ಕಳಿಗೆ ಪದವಿ ಕೊಡಿಸಿದೆ. ಬೆಂಗಳೂರಿನಿಂದ ಬಂದ ಆ ಇಬ್ಬರಲ್ಲಿ ಒಬ್ಬನ ತಂದೆ ಆಟೊ ಚಾಲಕರೆಂದು ಕೇಳಿದೆ. ಅಲ್ಲದೆ ತನಗಿಂತ ಬಲಶಾಲಿಯ ಎದುರು ದಿನವೂ ಅಭ್ಯಾಸ ಮಾಡಿದವನು ತಾನೂ ಬಲಿಯುತ್ತಾನೆ. ಕಾರ್ಕಳದ ಹುಡುಗ ಬೆಂಚಿನಲ್ಲಿ ಕೂತ ಆ ಒಂದು ವರ್ಷದಲ್ಲಿ ಮೊದಲಿಗಿಂತ ಒಳ್ಳೆಯ ಆಟಗಾರನಾಗಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಾಗಿ ಹೊರಗಿನವರಿಗೆ ಬಾಗಿಲು ಹಾಕಬೇಕೆಂಬುದು ನನ್ನ ವಾದವಲ್ಲ. ಆಕ್ಷೇಪ ಇರುವುದು ಖರ್ಚಿನ ಕ್ರಮಕ್ಕೆ. ಆಟಗಾರರ ಶುಲ್ಕ, ಹಾಸ್ಟೆಲ್, ಸಮವಸ್ತ್ರಗಳಿಗೆ ಹಣ ಹೊಂದಿಸುವ ಆಡಳಿತಗಳು ತರಬೇತುದಾರರ ವಿಷಯಕ್ಕೆ ಬಂದಾಗ ಹತ್ತು ತಿಂಗಳ ತಾತ್ಕಾಲಿಕ ನೇಮಕಕ್ಕೆ ನಿಲ್ಲುತ್ತವೆ. ಬೇಸಿಗೆ ರಜೆಯಲ್ಲಿ ಸಂಬಳವಿಲ್ಲ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ಡಿಪ್ಲೊಮಾ ಮಾಡಿ ಬಂದವರೂ ಮುಂದಿನ ಜೂನ್‌ನಲ್ಲಿ ಕೆಲಸ ಇದೆಯೋ ಇಲ್ಲವೋ ಎಂದು ಕಾಯಬೇಕು. ತಂಡ ಸೋತರೆ ಮೊದಲು ಹೋಗುವವರು ಅವರೇ. ಗೆದ್ದರೆ ಫ್ಲೆಕ್ಸ್‌ನಲ್ಲಿ ಅವರ ಚಿತ್ರ ಅಧ್ಯಕ್ಷರು, ಕಾರ್ಯದರ್ಶಿ, ಪ್ರಾಂಶುಪಾಲರ ನಂತರ, ಜಾಗ ಉಳಿದರೆ.

ಕಲಿಕೆಯ ಫಲ ಕಾಣುವುದಕ್ಕೆ ಮೂರು ವರ್ಷವಾದರೂ ಬೇಕು. ಹದಿನೇಳರ ಹುಡುಗನ ಕಾಲಿನ ಚಲನೆ ತಿದ್ದಿದ್ದು ಇಪ್ಪತ್ತರಲ್ಲಿ ಕಾಣುತ್ತದೆ. ಕರೆತಂದವನ ಫಲ ಮೊದಲ ಪಂದ್ಯದಲ್ಲೇ ಕಾಣುತ್ತದೆ, ಅವನು ಪದವಿ ಮುಗಿಸಿ ಹೋದ ದಿನವೇ ಮಾಯವಾಗುತ್ತದೆ. ವಾರ್ಷಿಕ ವರದಿಯನ್ನು ವರ್ಷಕ್ಕೊಮ್ಮೆ ಓದುವವರಿಗೆ ಎರಡನೆಯದೇ ಹೆಚ್ಚು ಲಾಭದಾಯಕವಾಗಿ ಕಂಡರೆ ಆಶ್ಚರ್ಯವಿಲ್ಲ. ಕನಿಷ್ಠಪಕ್ಷ ಎರಡು ಸಣ್ಣ ಬದಲಾವಣೆಗಳು ಸಾಧ್ಯ. ಒಂದು, ತರಬೇತುದಾರರ ನೇಮಕವನ್ನು ಒಂದು ವಿದ್ಯಾರ್ಥಿ ತಂಡದ ಅವಧಿಯಷ್ಟು, ಅಂದರೆ ಮೂರು ವರ್ಷಕ್ಕೆ, ರಜೆಯ ಸಂಬಳವೂ ಸೇರಿದಂತೆ ಮಾಡುವುದು. ಎರಡು, ಅವರ ವಾರದ ಎರಡು ಸಂಜೆಗಳನ್ನು ಹತ್ತಿರದ ಪ್ರೌಢಶಾಲೆಯ ಮಕ್ಕಳಿಗೆ ಮೀಸಲಿಡುವುದು. ಶಾಲೆಯ ಅಂಗಳದಲ್ಲಿ ಕಂಬ, ಹಲಗೆ ನಿಲ್ಲಿಸುವ ಖರ್ಚು ಒಬ್ಬ ಆಟಗಾರನ ಮೂರು ವರ್ಷದ ಹಾಸ್ಟೆಲ್ ವೆಚ್ಚಕ್ಕಿಂತ ಹೆಚ್ಚೇನಲ್ಲ.

ಆ ತಂಡದ ಕೋಚ್ ಈಗ ಅಲ್ಲಿಲ್ಲ. ಫೈನಲ್ ಆದ ಮುಂದಿನ ಜೂನ್‌ನಲ್ಲಿ ಅವರ ನೇಮಕ ಮುಂದುವರಿಯಲಿಲ್ಲ, ಕಾರಣವನ್ನೂ ತಿಳಿಸಲಿಲ್ಲ. ಬೆಂಗಳೂರಿನ ಇಬ್ಬರು ಇನ್ನೂ ಆಡುತ್ತಿದ್ದಾರೆ, ಬರುವ ಮೇ ತಿಂಗಳಲ್ಲಿ ಅವರ ಪದವಿ ಮುಗಿಯುತ್ತದೆ. ಕಳೆದ ತಿಂಗಳು ಆ ತಂಡದ ಇನ್ನೊಂದು ಪಂದ್ಯ ನೋಡಲು ಹೋಗಿದ್ದೆ, ಕಾಪುವಿನ ಮೇಷ್ಟ್ರೂ ಬಂದಿದ್ದರು. ಎರಡನೆಯ ಕ್ವಾರ್ಟರಿನಲ್ಲಿ ಆರು ಅಂಕ ಹಿಂದೆ ಬಿದ್ದಾಗ ಹುಡುಗರು ಮತ್ತೆ ಒಬ್ಬರಿಗೊಬ್ಬರು ಬೈಯಲಾರಂಭಿಸಿದರು. ಮೇಷ್ಟ್ರು ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.